ಕಡಲನ್ನು ಮೊದಲು ಬೆಟ್ಟದ ಮೇಲಿನಿಂದ ನೋಡಬೇಕು



ಬಹಳ ಕಾಲದಿಂದ ಬರೆಯಬೇಕೆಂದುಕೊಂಡು ಮುಂದೂಡುತ್ತಲೇ ಬಂದಿದ್ದ ವಿಷಯವೊಂದನ್ನು ಈ ದಿನ ಬರೆಯಲು ಕುಳಿತಿದ್ದೇನೆ. ಇದಕ್ಕೆ ನೆಪವಾದದ್ದು ಮೊಮ್ಮಗಳು ಶಾಲೆಯಿಂದ ತಂದುಕೊಟ್ಟ ಒಂದು ಹಾಳೆ. ಹತ್ತನೆಯ ತರಗತಿಯವರ ಶೈಕ್ಷಣಿಕ ಪ್ರವಾಸ, ಮೂರು ಹಗಲು, ಎರಡು ರಾತ್ರಿ. ಅದರಲ್ಲಿ ಸಿಗಂದೂರು, ಜೋಗ, ಶಿರಸಿ, ಯಾಣ, ಗೋಕರ್ಣ, ಇಡಗುಂಜಿ, ಮುರುಡೇಶ್ವರ ಎಂದು ಏಳು ಸ್ಥಳಗಳ ಹೆಸರಿತ್ತು. ಗೋಕರ್ಣಕ್ಕೆ ಒಂದೂವರೆ ಗಂಟೆ. ಮುರುಡೇಶ್ವರದ ಎದುರಿಗೆ 'ದೇವರ ದರ್ಶನ ಮತ್ತು ಸಮುದ್ರದಲ್ಲಿ ಆಟ, ಒಂದು ಗಂಟೆ' ಎಂದು ಬರೆದಿತ್ತು. ಪೋಷಕರು ಸಹಿ ಮಾಡಿ ಹಿಂದಿರುಗಿಸಬೇಕಿತ್ತು. ಮಗ ಸಹಿ ಹಾಕುವುದರಲ್ಲಿದ್ದ. "ಎರಡು ದಿನ ನನ್ನ ಬಳಿ ಇರಲಿ" ಎಂದು ಕೇಳಿ ಆ ಹಾಳೆಯನ್ನು ತೆಗೆದಿಟ್ಟುಕೊಂಡೆ.

ಮೂರು ದಶಕಗಳಿಗೂ ಮೀರಿ ಗಣಿತ ಕಲಿಸಿದ ಈ ನಿಮ್ಮ ಮೇಷ್ಟ್ರು ಇಂತಹ ಹಾಳೆಗಳನ್ನು ತಾನೇ ಎಷ್ಟೋ ಬಾರಿ ತಯಾರಿಸಿದ್ದಾನೆ. ಆದುದರಿಂದ ಆ ಶಾಲೆಯವರನ್ನು ದೂರುವ ಅಧಿಕಾರ ನನಗಿಲ್ಲ. ಏಳು ಸ್ಥಳಗಳನ್ನು ಏಕೆ ಸೇರಿಸುತ್ತಾರೆಂಬುದೂ ನನಗೆ ಗೊತ್ತು. ಬಸ್ಸಿನ ಬಾಡಿಗೆ ಅಷ್ಟೇ ಬರುತ್ತದೆ. ಹೆಚ್ಚು ಸ್ಥಳಗಳಿದ್ದರೆ ಕೊಟ್ಟ ದುಡ್ಡಿಗೆ ಬೆಲೆ ಬಂತೆಂದು ತಂದೆತಾಯಿಗಳಿಗೆ ಸಮಾಧಾನ. ಆದರೂ ಹೇಳುತ್ತೇನೆ: ಬಯಲುಸೀಮೆಯ ಮಕ್ಕಳಿಗೆ ಕಡಲನ್ನು ತೋರಿಸುವ ಕ್ರಮ ಇದಲ್ಲ. ಅವರು ಕಡಲನ್ನು ಮೊದಲು ಎತ್ತರದಿಂದ, ಕಾಲ್ನಡಿಗೆಯಲ್ಲಿ ಹೋಗಿ, ಸಾವಧಾನವಾಗಿ ನೋಡಬೇಕು. ಅನಂತರವಷ್ಟೇ ನೀರಿನ ಬಳಿಗೆ ಇಳಿಯಬೇಕು.

ಮೂಡಲಪಾಳ್ಯದ ಮಗುವಿಗೆ ಕಡಲು ಎಂದರೇನು? ನಾವಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಹೆಸರಿನಲ್ಲಿ ಮೂಡಲವಿದ್ದರೂ ನಮ್ಮ ಬಡಾವಣೆ ಇರುವುದು ಬೆಂಗಳೂರಿನ ಪಡುವಲಲ್ಲಿ ಎಂದು ತರಗತಿಯಲ್ಲಿ ತಮಾಷೆ ಮಾಡುತ್ತಿದ್ದೆ, ನಿಮಗೆ ನೆನಪಿರಬಹುದು. ಆದರೆ ನೀರಿನ ಲೆಕ್ಕದಲ್ಲಿ ನಾವು ನಿಜವಾಗಿಯೂ ಮೂಡಲದವರೇ. ಇಲ್ಲಿ ಬಿದ್ದ ಮಳೆ ರಾಜಕಾಲುವೆ ಹಿಡಿದು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕಾವೇರಿಗೆ, ಕಟ್ಟಕಡೆಗೆ ಬಂಗಾಳ ಕೊಲ್ಲಿಗೆ ಸೇರುತ್ತದೆ. ಮಕ್ಕಳು ಮಾತ್ರ ಪಡುವಣ ಕಡಲಿಗೆ ಹೋಗುತ್ತಾರೆ. ರೈಲು ನಿಲ್ದಾಣದ ಹಳದಿ ಫಲಕದ ಮೇಲೆ ಸಮುದ್ರಮಟ್ಟದಿಂದ ಎತ್ತರ ಇಷ್ಟು ಎಂದು ಬರೆದಿರುವುದನ್ನು ನೋಡಿ ಹುಡುಗನೊಬ್ಬ ಒಮ್ಮೆ ಕೇಳಿದ್ದ: "ಸಾರ್, ಸಮುದ್ರ ಎಲ್ಲೋ ಇದೆ. ಅದರ ಮಟ್ಟ ಇಲ್ಲಿಗೆ ಹೇಗೆ ಗೊತ್ತಾಯ್ತು?" ಪುಸ್ತಕದಲ್ಲಿದ್ದ ಉತ್ತರವನ್ನು ಹೇಳಿ ಅವನನ್ನು ಕೂರಿಸಿದೆ. ಅವನಿಗೆ ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ, ಆ ದಿನ ನನಗೂ ಅದು ಅಷ್ಟಾಗಿ ಅರ್ಥವಾಗಿರಲಿಲ್ಲ.

ಈಗ ಹೇಳಬೇಕಾದ ಮಾತು ಸುಲಭದ್ದಲ್ಲ. 1994ರ ಡಿಸೆಂಬರಿನಲ್ಲಿ ಅರುವತ್ತು ಮಕ್ಕಳನ್ನು ಕರೆದುಕೊಂಡು ನಾವು ಮೂವರು ಶಿಕ್ಷಕರು ಕರಾವಳಿಗೆ ಹೋಗಿದ್ದೆವು. ಯಾವ ಶಾಲೆ, ಯಾವ ಕಡಲತೀರ ಎಂಬುದು ಇಲ್ಲಿ ಬೇಡ. ತಿಳಿದವರಿಗೆ ತಿಳಿದೇ ಇದೆ. ಘಟ್ಟದ ತಿರುವುಗಳಲ್ಲಿ ರಾತ್ರಿಯಿಡೀ ವಾಂತಿ ಮಾಡಿಕೊಂಡು ನಿದ್ದೆಗೆಟ್ಟ ಮಕ್ಕಳು ಬೆಳಗ್ಗೆ ಬಸ್ಸಿನಿಂದ ಇಳಿದವರೇ ನೀರಿನತ್ತ ಓಡಿದರು. ತಡೆಯಲು ನಾವು ಯತ್ನಿಸಲಿಲ್ಲ, ಸಂತೋಷಪಡಲಿ ಎಂದುಕೊಂಡೆವು. ನಾನು ಒಂದು ಬಂಡೆಯ ಮೇಲೆ ಕುಳಿತು ತಲೆ ಎಣಿಸುತ್ತಿದ್ದೆ. ತೆರೆಗಳು ಜೋರಾಗಿದ್ದ ಕಡೆ ಇದ್ದವರನ್ನು ಕೂಗಿ, ಪಕ್ಕದಲ್ಲಿ ನೀರು ಶಾಂತವಾಗಿದ್ದ ಜಾಗಕ್ಕೆ ಹೋಗುವಂತೆ ಹೇಳಿದೆ. ಹೌದು, ಆ ಮಾತನ್ನು ಹೇಳಿದವನು ನಾನೇ. ಐದು ನಿಮಿಷದೊಳಗೆ ಆ ಶಾಂತ ನೀರಿನಲ್ಲಿ ನಿಂತಿದ್ದ ಹುಡುಗನೊಬ್ಬ ಕುತ್ತಿಗೆಯವರೆಗೆ ಮುಳುಗಿ, ನಾವು ನೋಡನೋಡುತ್ತಿದ್ದಂತೆ ದೂರ ದೂರ ಹೋಗತೊಡಗಿದ. ಕೈ ಎತ್ತಿದನೇ ಹೊರತು ಅವನ ಕೂಗು ಕೇಳಿಸಲಿಲ್ಲ. ಬಲೆ ಬಿಡಿಸುತ್ತಿದ್ದ ಮೀನುಗಾರರೊಬ್ಬರು ನೀರಿಗೆ ಬಿದ್ದು, ಪಕ್ಕಕ್ಕೆ ಈಜಿ, ಸುತ್ತು ಹಾಕಿಕೊಂಡು ಅವನನ್ನು ಎಳೆತಂದರು.

ನಾನು ಕೈ ಮುಗಿದೆ. ಆತ ಏದುಸಿರು ಬಿಡುತ್ತ, "ಮಾಸ್ತರೇ, ತೆರೆ ಒಡೀದೆ ಇರೋ ಜಾಗದಲ್ಲೇ ಸೆಳವು ಇರ್ತದೆ" ಎಂದರು. ಬೇರೆ ಏನನ್ನೂ ಹೇಳಲಿಲ್ಲ.

ಹಿರಿಯರ ಸಲಹೆಯಂತೆ ಈ ಸಂಗತಿಯನ್ನು ಹುಡುಗನ ಮನೆಯವರಿಗೆ ತಿಳಿಸಲಿಲ್ಲ. ಅವನಿಗೂ 'ಮನೆಯಲ್ಲಿ ಹೇಳಬೇಡ' ಎಂದೆವು. ಅವನು ಹೇಳಲಿಲ್ಲವೆಂದೇ ತೋರುತ್ತದೆ, ಏಕೆಂದರೆ ಯಾರೂ ನಮ್ಮನ್ನು ಕೇಳಲು ಬರಲಿಲ್ಲ. ಆ ಮೌನ ನನ್ನೊಳಗೆ ಈವರೆಗೂ ಕರಗಿಲ್ಲ. ಅವನೇ ಈ ಬರಹವನ್ನು ಓದುತ್ತಿದ್ದರೆ, ಅಪ್ಪಾ, ಆ ದಿನ ಆ ಜಾಗಕ್ಕೆ ಹೋಗೆಂದು ಹೇಳಿದ್ದು ನಾನು. ತಪ್ಪು ನಿನ್ನದಲ್ಲ.

2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರೆಂಬ ಸುದ್ದಿ ಬಂದಾಗ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಅವರೂ ನಮ್ಮ ಮಕ್ಕಳಂತೆಯೇ ಬಯಲುಸೀಮೆಯಿಂದ ಹೋದವರು. ಅಂತಹ ಪ್ರತಿ ದುರಂತದ ಬಳಿಕವೂ ಪ್ರವಾಸಗಳನ್ನೇ ನಿಲ್ಲಿಸಬೇಕು ಎಂಬ ಮಾತು ಎದ್ದು, ಕೆಲವು ತಿಂಗಳಲ್ಲಿ ತಣ್ಣಗಾಗುತ್ತದೆ. ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಉಳ್ಳವರ ಮಕ್ಕಳು ತಂದೆತಾಯಿಯರ ಜೊತೆ ಕಾರಿನಲ್ಲಿ ಹೇಗಾದರೂ ಕಡಲು ನೋಡಿಬರುತ್ತಾರೆ. ಶಾಲೆಯೂ ಕರೆದೊಯ್ಯದಿದ್ದರೆ ಉಳಿದವರಿಗೆ ಯಾರು ತೋರಿಸಬೇಕು?

ನನ್ನ ಬಳಿ ಇರುವುದು ಒಂದು ಬೆಟ್ಟದ ಸುತ್ತು, ಅಷ್ಟೆ. ಅದನ್ನು ನಾನೇ ನಡೆದು ನೋಡಿದ್ದೇನೆ. 2023ರ ಜನವರಿಯಲ್ಲಿ ಏಳನೆಯ ತರಗತಿಯಲ್ಲಿದ್ದ ಮೊಮ್ಮಗಳನ್ನು ಕರೆದುಕೊಂಡು, ಕಾರವಾರದ ರಾತ್ರಿ ರೈಲು ಹಿಡಿದು ಗೋಕರ್ಣಕ್ಕೆ ಹೋಗಿದ್ದೆ. ಕೊಂಕಣ ರೈಲ್ವೆಯ ಗೋಕರ್ಣ ರೋಡ್ ನಿಲ್ದಾಣ ಊರಿನಿಂದ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿದೆ, ಆಟೋ ಸಿಗುತ್ತದೆ. ಕುಮಟಾದಲ್ಲಿ ನೌಕರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಮ್ಮನ್ನು ಕೂಡಿಕೊಂಡ. ಮೊದಲ ದಿನ ಮಹಾಬಲೇಶ್ವರನ ದರ್ಶನ, ಕೋಟಿತೀರ್ಥ, ರಥಬೀದಿಯ ಓಡಾಟ, ಸಂಜೆ ಸೊಪ್ಪು ತರಕಾರಿ ಹರಡಿಕೊಂಡು ಕುಳಿತ ಹಾಲಕ್ಕಿ ಹೆಂಗಸರ ಬಳಿ ಸ್ವಲ್ಪ ವ್ಯಾಪಾರ. ರಾವಣ, ಗಣಪತಿ, ಆತ್ಮಲಿಂಗದ ಕಥೆ ನಿಮಗೆಲ್ಲ ಗೊತ್ತು, ಬಿಡಿ. ಗೌರೀಶ ಕಾಯ್ಕಿಣಿಯವರು ಬಾಳಿದ ಊರಿದು ಎಂದು ಮೊಮ್ಮಗಳಿಗೆ ಹೇಳಿದೆ. ಅವರೂ ನನ್ನಂತೆ ಶಾಲಾ ಮೇಷ್ಟ್ರಾಗಿದ್ದವರು ಎಂದು ಸ್ವಲ್ಪ ಹೆಮ್ಮೆಯಿಂದಲೇ ಸೇರಿಸಿದೆ. ಹೋಲಿಕೆ ಅಲ್ಲಿಗೇ ಮುಗಿಯುತ್ತದೆಂಬುದು ಬೇರೆ ಮಾತು.

ಮರುದಿನ ಬೆಳಗ್ಗೆ ಆರೂವರೆಗೆ ಹೊರಟೆವು. ಊರ ಕಡಲತೀರದ ದಕ್ಷಿಣದ ತುದಿಯಲ್ಲಿ ಮೆಟ್ಟಿಲು ಏರಿದರೆ ರಾಮತೀರ್ಥ. ಬೆಟ್ಟದ ಒಡಲಿನಿಂದ ಸಿಹಿನೀರು ಬಂದು ಬೀಳುತ್ತದೆ. ಎದುರಿಗೆ ಉಪ್ಪುನೀರಿನ ಕಡಲು, ಬೊಗಸೆಯಲ್ಲಿ ಸಿಹಿನೀರು. ಇದು ಹೇಗೆಂದು ಮೊಮ್ಮಗಳು ಕೇಳಿದಳು. ಉತ್ತರ ಅವಳ ಕಾಲ ಕೆಳಗೇ ಇತ್ತು. ಅಲ್ಲಿಂದ ಮೇಲೇರಿದರೆ ಸಿಗುವುದು ಚಿರೆಕಲ್ಲಿನ ಹಾಸು. ತೂತು ತೂತಾದ ಈ ಕೆಂಪು ಕಲ್ಲು ಮಳೆಗಾಲದ ನೀರನ್ನು ಹೀರಿ ಬೇಸಗೆಯವರೆಗೂ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ನೆಲದೊಳಗೆ ಇರುವಾಗ ಮೆತ್ತಗಿದ್ದು, ಕಡಿದು ಗಾಳಿಗೊಡ್ಡಿದಾಗ ಗಟ್ಟಿಯಾಗುವುದರಿಂದ ಮನೆ ಕಟ್ಟಲು ಹೇಳಿಮಾಡಿಸಿದ ಕಲ್ಲು. 1800ರ ಆಸುಪಾಸಿನಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಇದನ್ನು ಲ್ಯಾಟರೈಟ್ ಎಂದು ಕರೆದ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಪದದಿಂದ ಬಂದ ಹೆಸರು. ಜನವರಿಯಲ್ಲಿ ಅಲ್ಲಿ ಒಣಹುಲ್ಲು ಮಾತ್ರ. ಮಳೆಗಾಲದಲ್ಲಿ ಇಂತಹ ಹಾಸುಗಳ ಮೇಲೆ ಕೀಟಗಳನ್ನು ಹಿಡಿದು ಜೀರ್ಣಿಸಿಕೊಳ್ಳುವ ಪುಟ್ಟ ಸಸ್ಯಗಳೂ ಬೆಳೆಯುತ್ತವೆ. ಮೇಲ್ಮಣ್ಣು ತೆಳು, ಸಾರ ಕಡಿಮೆ. ಬೇರಿನಿಂದ ಸಿಗದ ಪೋಷಣೆಯನ್ನು ಅವು ಎಲೆಯಿಂದ ಸಂಪಾದಿಸುತ್ತವೆ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಹೋಗಿ. ಆ ಕಲ್ಲು ಕಾಲನ್ನು ಕೊಯ್ಯುತ್ತದೆ.

ಬೆಟ್ಟ ಇಳಿದರೆ ಕುಡ್ಲೆ ತೀರ. ಅದನ್ನು ದಾಟಿ ಮತ್ತೊಂದು ಕೋಡನ್ನು ಹತ್ತಿದರೆ ಕೆಳಗೆ ಓಂ ತೀರ. ಎರಡು ಕಮಾನುಗಳು, ನಡುವೆ ನೀರಿಗೆ ಚಾಚಿಕೊಂಡ ಬಂಡೆಗಳು. ಕೆಳಗೆ ಮರಳಿನಲ್ಲಿ ನಿಂತರೆ ಅದೊಂದು ಸಾಧಾರಣ ಕಡಲತೀರ. ಓಂಕಾರದ ಆಕಾರ ಕಾಣುವುದು ಮೇಲಿನಿಂದ ಮಾತ್ರ. ಅಲ್ಲಿ ನಾವು ಮುಕ್ಕಾಲು ಗಂಟೆ ಸುಮ್ಮನೆ ಕುಳಿತೆವು. ಬ್ರಾಹ್ಮಣಿ ಗಿಡುಗವೊಂದು ನಮ್ಮ ಕಣ್ಣಿನ ಮಟ್ಟಕ್ಕಿಂತ ಕೆಳಗೆ ತೇಲುತ್ತಿತ್ತು. ಹಕ್ಕಿಯ ಬೆನ್ನನ್ನು ನೋಡುವ ಯೋಗ ನನಗೆ ಅದೇ ಮೊದಲು.

ನೋಡನೋಡುತ್ತ ಮೊಮ್ಮಗಳು ಕೇಳಿದಳು: "ತಾತ, ಎಲ್ಲ ಕಡೆ ಬಿಳಿ ನೊರೆ ಬರ್ತಾ ಇದೆ. ಅಲ್ಲೊಂದು ಕಡೆ ಮಾತ್ರ ಯಾಕೆ ನೀರು ಕಪ್ಪಗಿದೆ, ಓಣಿ ಥರ?"

ನನ್ನ ಮೈ ಜುಮ್ಮೆಂದಿತು. ಇಪ್ಪತ್ತೆಂಟು ವರ್ಷಗಳ ಹಿಂದೆ ಬಂಡೆಯ ಮೇಲೆ ಕುಳಿತು ನಾನು 'ಶಾಂತ ನೀರು' ಎಂದು ತೋರಿಸಿದ್ದು ಇದನ್ನೇ. ದಡಕ್ಕೆ ನುಗ್ಗಿದ ಇಷ್ಟೊಂದು ನೀರು ಹಿಂದಿರುಗಲೇಬೇಕಲ್ಲವೆ? ಅದು ಎಲ್ಲ ಕಡೆಯಿಂದಲೂ ಸಮನಾಗಿ ಹಿಂದಿರುಗುವುದಿಲ್ಲ. ತಳದ ಮರಳು ಆಳವಾಗಿರುವ ಕಡೆ, ಬಂಡೆಗಳ ಮಗ್ಗುಲಲ್ಲಿ, ಒಂದು ಕಾಲುವೆಯಂತೆ ಒಟ್ಟುಗೂಡಿ ರಭಸದಿಂದ ಹೊರಗೆ ಹರಿಯುತ್ತದೆ. ಅಲ್ಲಿ ಆಳ ಹೆಚ್ಚಾದುದರಿಂದ ತೆರೆ ಒಡೆಯುವುದಿಲ್ಲ. ಒಡೆಯದ ಕಾರಣ ನೊರೆಯಿಲ್ಲ. ನೊರೆಯಿಲ್ಲದ ನೀರು ಅರಿಯದವನ ಕಣ್ಣಿಗೆ ಸುರಕ್ಷಿತವಾಗಿ ಕಾಣುತ್ತದೆ. ಇದೇ ಸೆಳವು. ಎಂತಹ ಈಜುಗಾರನಾದರೂ ಅದಕ್ಕೆ ಎದುರಾಗಿ ಈಜಿ ಗೆಲ್ಲುವುದು ಕಷ್ಟ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ತೆರೆ ಒಡೆಯುವ ಕಡೆಯಿಂದ ಒಳಬರಬೇಕು. 1994ರಲ್ಲಿ ಆ ಮೀನುಗಾರರು ಮಾಡಿದ್ದು ಅದನ್ನೇ. ಸಮಾನಾಂತರ ರೇಖೆಗಳನ್ನು ವರ್ಷಗಟ್ಟಲೆ ಕರಿಹಲಗೆಯ ಮೇಲೆ ಎಳೆದವನಿಗೆ ಅವುಗಳಿಗೆ ಇಂತಹದೊಂದು ಉಪಯೋಗವಿದೆಯೆಂದು ತಿಳಿದಿರಲಿಲ್ಲ.

ನಾನು ಹೇಳಲು ಹೊರಟಿದ್ದ ಮಾತು ಇಷ್ಟೇ. ಮರಳಿನ ಮೇಲೆ ನಿಂತ ಮಗುವಿಗೆ ಈ ಓಣಿ ಸುಲಭವಾಗಿ ಕಾಣುವುದಿಲ್ಲ. ಅದರ ಎದುರಿಗೆ ಒಂದಾದ ಮೇಲೊಂದು ತೆರೆ, ಅಷ್ಟೇ. ಬೆಟ್ಟದ ಮೇಲೆ ಕುಳಿತ ಮಗುವಿಗೆ ಯಾರೂ ಹೇಳಿಕೊಡದೆಯೇ ಕಾಣುತ್ತದೆ, ಅದೇ ಪ್ರಶ್ನೆ ಕೇಳುತ್ತದೆ. 'ನೀರಿಗಿಳಿಯಬೇಡಿ' ಎಂದು ಸಾವಿರ ಸಲ ಕೂಗಿ ಹೇಳುವುದಕ್ಕೂ, ಮೇಲಿನಿಂದ ಒಮ್ಮೆ ನೋಡಿದವನು ತಾನೇ ನಿಂತು ಯೋಚಿಸುವುದಕ್ಕೂ ವ್ಯತ್ಯಾಸವಿಲ್ಲವೆ? ಹಾಗೆಂದು ಮೇಲಿನಿಂದ ನೋಡಿಬಿಟ್ಟರೆ ಕಡಲು ನಿರಪಾಯವಾಗುತ್ತದೆಂದು ಯಾರೂ ತಿಳಿಯಬಾರದು. ಸೆಳವು ಜಾಗ ಬದಲಿಸುತ್ತದೆ; ಬೆಳಗ್ಗೆ ಇದ್ದ ಕಡೆ ಸಂಜೆ ಇರಬೇಕೆಂದಿಲ್ಲ. ಜೀವರಕ್ಷಕರು ಬೇಡವೆಂದರೆ ಬೇಡ, ಕೆಂಪು ಬಾವುಟವೆಂದರೆ ಕೆಂಪು ಬಾವುಟ. ನಾವಂತೂ ಆ ದಿನ ಪಾದ ಮುಳುಗುವಷ್ಟು ನೀರಿಗೆ ಮಾತ್ರ ಇಳಿದೆವು. ಮೊಮ್ಮಗಳು ಹಟ ಮಾಡಲಿಲ್ಲ.

ಹಿಂದಿರುಗಿದ್ದು ಬಂದ ದಾರಿಯಲ್ಲಲ್ಲ. ಓಂ ತೀರದ ಮೇಲಿನಿಂದ ಊರಿಗೆ ಬರುವ ಡಾಂಬರು ರಸ್ತೆ ಬೆಟ್ಟದ ನೆತ್ತಿಯ ಮೇಲೆ ಹಾಯುತ್ತದೆ, ಅದನ್ನು ಹಿಡಿದೆವು. ಹೋಗುವಾಗ ಮುಖ ದಕ್ಷಿಣಕ್ಕೆ, ಕಡಲು ಬಲಕ್ಕೆ, ಎಳೆಬಿಸಿಲು ಎಡಕ್ಕೆ. ಬರುವಾಗ ಮುಖ ಉತ್ತರಕ್ಕೆ, ಕಡಲು ಎಡಕ್ಕೆ, ಅದೂ ಮರೆಯಾಗಿ. ನಕಾಶೆಯಿಲ್ಲದೆ ದಿಕ್ಕು ಕಲಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. "ಬೆಟ್ಟಕ್ಕೊಂದು ಪ್ರದಕ್ಷಿಣೆ ಆಯಿತು ನೋಡು" ಎಂದು ನಾನು ಹೇಳಿದ್ದಕ್ಕೆ ಮೊಮ್ಮಗಳು ಕೂಡಲೇ ತಪ್ಪು ಹಿಡಿದಳು: "ಬೆಟ್ಟ ನಮ್ಮ ಎಡಗಡೆಗಿತ್ತು ತಾತ. ಇದು ಅಪ್ರದಕ್ಷಿಣೆ." ನನ್ನ ಹಳೆಯ ವಿದ್ಯಾರ್ಥಿ ಮುಖ ತಿರುಗಿಸಿಕೊಂಡು ನಕ್ಕ. ಒಟ್ಟು ನಾಲ್ಕು ಗಂಟೆ ಹಿಡಿಯಿತು, ಕುಳಿತದ್ದೂ ಸೇರಿ. ಕೊನೆಯ ಅರ್ಧ ಗಂಟೆ ಬಿಸಿಲು ಜೋರು. ಮಕ್ಕಳನ್ನು ಕರೆದೊಯ್ಯುವವರು ಹತ್ತೂವರೆಯೊಳಗೆ ಊರು ಸೇರುವಂತೆ ನೋಡಿಕೊಳ್ಳಬೇಕು, ನೀರಿನ ಬಾಟಲಿ ತಲೆಗೊಂದು ಇರಬೇಕು.

ಆಕ್ಷೇಪಗಳಿವೆ, ನನಗೆ ತಿಳಿದಿದೆ. ನಡೆಯಲಾಗದ ಮಕ್ಕಳ ಗತಿಯೇನು? ಓಂ ತೀರದ ಮೇಲಿನವರೆಗೆ ವಾಹನ ಹೋಗುತ್ತದೆ. ಅವರು ಆಟೋದಲ್ಲಿ ಬಂದು ಅಲ್ಲಿ ಕೂಡಿಕೊಳ್ಳಬಹುದು. ಅರುವತ್ತು ಮಕ್ಕಳನ್ನು ಒಟ್ಟಿಗೆ ಬೆಟ್ಟದ ಅಂಚಿಗೆ ಕರೆದೊಯ್ಯುವುದು ಅಪಾಯವಲ್ಲವೆ? ಖಂಡಿತ ಅಪಾಯ. ಹದಿನೈದು ಮಂದಿಗೊಬ್ಬ ಶಿಕ್ಷಕ, ಊರಿನವರೊಬ್ಬರು ಜೊತೆಗೆ, ಅಂಚಿನಿಂದ ದೂರ, ಇದಾಗದಿದ್ದರೆ ಹೋಗಲೇಬಾರದು. ಏಳು ಸ್ಥಳಗಳ ಬದಲು ಒಂದೇ ಸ್ಥಳ ಎಂದರೆ ಪೋಷಕರು ಒಪ್ಪುತ್ತಾರೆಯೆ? ಇದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಆದರೆ ನಿಮ್ಮನ್ನೇ ಕೇಳುತ್ತೇನೆ. ನಿಮ್ಮಲ್ಲಿ ಬಹಳ ಮಂದಿ ನನ್ನೊಡನೆ ಪ್ರವಾಸ ಬಂದವರು. ನಿಮಗೆ ನೆನಪಿರುವುದೇನು? ಕಳೆದ ಸಲ ಮನೆಗೆ ಬಂದಿದ್ದ ನಾಲ್ವರನ್ನು ಕೇಳಿದೆ. ಒಬ್ಬನಿಗೆ ಬಸ್ಸಿನಲ್ಲಿ ಹಾಕಿದ ಸಿನಿಮಾ, ಇನ್ನೊಬ್ಬಳಿಗೆ ಕಳೆದುಹೋದ ಚಪ್ಪಲಿ, ಮತ್ತಿಬ್ಬರಿಗೆ ಚಿತ್ರಾನ್ನ ಹಳಸಿದ್ದು ನೆನಪಿತ್ತು. ಜೋಗವನ್ನು ಯಾರೂ ಹೇಳಲಿಲ್ಲ.

ಬೆಟ್ಟದ ಮೇಲೆ ಇನ್ನಷ್ಟು ಅಗಲದ ರಸ್ತೆ, ಗಾಜಿನ ಸೇತುವೆ, ಸೆಲ್ಫಿ ಕಟ್ಟೆ ಬೇಕೆನ್ನುವವರೂ ಇದ್ದಾರೆ. ಬಿದ್ದುಹೋಗುವ ಕಡೆ ಒಂದು ಕಂಬಿ ಹಾಕಲಿ, ನನ್ನ ತಕರಾರಿಲ್ಲ. ಉಳಿದುದು ಬೇಡ. ಈ ಕೋಡಿನ ಬಡಗಣಕ್ಕೆ ಧಾರವಾಡದ ಕಡೆಯಿಂದ ಬೇಡ್ತಿ ಎಂಬ ಹೆಸರು ಹೊತ್ತು ಬರುವ ಗಂಗಾವಳಿ, ತೆಂಕಣಕ್ಕೆ ಶಿರಸಿಯ ಸೀಮೆಯಲ್ಲಿ ಹುಟ್ಟಿ ಅಣೆಕಟ್ಟಿಲ್ಲದೆ ಹರಿದುಬರುವ ಅಘನಾಶಿನಿ. ಎರಡು ಹೊಳೆಗಳ ನಡುವೆ ಉಳಿದುಕೊಂಡಿರುವ ಕಲ್ಲಿನ ಬೆಟ್ಟವಿದು. ಕಾಲುದಾರಿ ಅದಕ್ಕೆ ಸಾಕು.

ಆ ಹಾಳೆಯ ವಿಷಯಕ್ಕೆ ಬರುತ್ತೇನೆ. ಎರಡು ದಿನ ಇಟ್ಟುಕೊಂಡು, ಅದರ ಹಿಂಬದಿಯಲ್ಲಿ ನನ್ನ ಕೈಬರಹದಲ್ಲಿ ಮೇಲಿನ ಸಂಗತಿಗಳನ್ನೆಲ್ಲ ಸಂಕ್ಷೇಪವಾಗಿ ಬರೆದೆ. ಮೊಮ್ಮಗಳು ತಾನೂ ಒಂದು ಲೆಕ್ಕ ಸೇರಿಸುತ್ತೇನೆಂದಳು. ಭೂಮಿಯ ತ್ರಿಜ್ಯ 6,370 ಕಿಲೋಮೀಟರ್. ನೋಟದ ರೇಖೆ ಭೂಮಿಗೆ ಸ್ಪರ್ಶಕ. ಸ್ಪರ್ಶಕ ಮತ್ತು ತ್ರಿಜ್ಯಗಳ ನಡುವೆ ಲಂಬಕೋನ. ಅಂದ ಮೇಲೆ ಪೈಥಾಗೊರಸ್. ಮರಳಿನ ಮೇಲೆ ನಿಂತು ಒಂದೂವರೆ ಮೀಟರ್ ಎತ್ತರದಿಂದ ನೋಡಿದರೆ ದಿಗಂತ ಇರುವುದು ಸುಮಾರು 4.4 ಕಿಲೋಮೀಟರ್ ದೂರದಲ್ಲಿ. ಐವತ್ತು ಮೀಟರ್ ಎತ್ತರದಿಂದ ನೋಡಿದರೆ 25 ಕಿಲೋಮೀಟರ್. ಅವಳು ಹಾಕಿದ ಉತ್ತರ ಸರಿಯಿತ್ತು. 637ರ ವರ್ಗಮೂಲ ತೆಗೆಯುವಾಗ ಮಾತ್ರ ಮೊದಲ ಸಲ ಎಡವಿದ್ದಳು. ಚಿತ್ರಸಹಿತ ಬರೆದು ಕೊಟ್ಟಳು. ಮಗ ಸಹಿ ಮಾಡದೆ ಹಾಳೆಯನ್ನು ಹಾಗೆಯೇ ಕಳುಹಿಸಿದ.

ಹತ್ತು ದಿನಗಳ ಮೇಲೆ ಶಾಲೆಯಿಂದ ಪರಿಷ್ಕೃತ ಪಟ್ಟಿ ಬಂತು. ಏಳು ಸ್ಥಳಗಳು ಐದಕ್ಕೆ ಇಳಿದಿವೆ. 'ಸಮುದ್ರದಲ್ಲಿ ಆಟ' ಎಂಬ ಸಾಲಿಲ್ಲ. ಗೋಕರ್ಣದ ಎದುರಿಗೆ 'ರಾತ್ರಿ ವಾಸ್ತವ್ಯ, ಬೆಳಗ್ಗೆ ನಡಿಗೆ' ಎಂದು ಪೆನ್ಸಿಲಿನಲ್ಲಿ ಬರೆದು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ. ಕೆಳಗೆ ನನ್ನ ದೂರವಾಣಿ ಸಂಖ್ಯೆ ಕೇಳಿದ್ದಾರೆ. ಕೊಟ್ಟಿದ್ದೇನೆ.